ಬಾದಶಾಹನ ತೂಕ ಏರಿದ ಬಗೆ

ತೂಕದ ಯಂತ್ರದ ಮೇಲೆ ನಾಯಿ ನಿಲ್ಲಲು ಒಪ್ಪಲಿಲ್ಲವಾದ್ದರಿಂದ ಜನಾರ್ದನ ಐತಾಳರೇ ಹತ್ತಿ ನಿಲ್ಲಬೇಕಾಯಿತು.

ಮೊದಲು ನಾಯಿಯನ್ನು ಎತ್ತಿಕೊಂಡು ನಿಲ್ಲುವುದು, ಆಮೇಲೆ ಅದನ್ನು ಇಳಿಸಿ ಒಬ್ಬರೇ ನಿಲ್ಲುವುದು. ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆದರೆ ಉಳಿದದ್ದು ನಾಯಿ. ಲೆಕ್ಕವೇನೋ ಸರಳ. ತೊಂದರೆ ಇದ್ದದ್ದು ಲೆಕ್ಕ ಹೇಳುವವನಲ್ಲಿ. ಕ್ಲಿನಿಕ್ಕಿನ ಸಹಾಯಕ ರಮಣಭಾಯಿ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುತ್ತಿದ್ದವನಂತೆ. ಮೆಲ್ಲಗೆ ಮಾತಾಡುವುದು ಅವನ ಗಂಟಲಿಗೆ ಒಗ್ಗಿರಲಿಲ್ಲ. ನಾಯಿಸಹಿತ ಐತಾಳರು ಎಷ್ಟು ತೂಗಿದರೆಂಬುದನ್ನು ಅವನು ಒಳಕೋಣೆಯ ಡಾಕ್ಟರಿಗೆ ಕೂಗಿ ಹೇಳಿದ. ನಾಯಿರಹಿತ ಐತಾಳರು ಎಷ್ಟೆಂಬುದನ್ನು ಇನ್ನೂ ಗಟ್ಟಿಯಾಗಿ ಕೂಗಿದ. ಎರಡರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲವಲ್ಲ ಎಂದು ಅವನಿಗೇ ಅನುಮಾನ ಬಂದು, "ಶೇಠ್, ನಾಯಿ ಇಳಿಸಿದ್ದೀರಿ ತಾನೆ?" ಎಂದು ಬಗ್ಗಿ ನೋಡಿದ.

ಅದು ಭಾನುವಾರದ ಬೆಳಿಗ್ಗೆ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಆ ಕ್ಲಿನಿಕ್ಕಿನಲ್ಲಿ ಅವರ ಹೌಸಿಂಗ್ ಸೊಸೈಟಿಯ ಮುಕ್ಕಾಲು ಪಾಲು ಜನ ಸಾಕುಪ್ರಾಣಿಗಳ ಸಮೇತ ಕುಳಿತಿದ್ದರು. ಪ್ರತಿ ವರ್ಷ ದೀಪಾವಳಿ ಮುಗಿದು, ವ್ಯಾಪಾರಿಗಳು ಮತ್ತೆ ಅಂಗಡಿ ತೆರೆಯುವ ಲಾಭಪಂಚಮಿ ಕಳೆದ ಮೇಲಿನ ಭಾನುವಾರ ಸೊಸೈಟಿಯ ಎಲ್ಲ ನಾಯಿ, ಬೆಕ್ಕು, ಗಿಳಿಗಳಿಗೂ ತಪಾಸಣೆ, ಲಸಿಕೆ. ಈ ಏರ್ಪಾಟು ಮಾಡಿದವರು ಸೊಸೈಟಿಯ ಕಾರ್ಯದರ್ಶಿ ಹಸ್ಮುಖ್‌ಭಾಯಿ ಕೊಠಾರಿ. ಅವರು ತಮ್ಮ ಲ್ಯಾಬ್ರಡಾರ್ ಬಾದಶಾಹನನ್ನು ಕಾಲ ಬುಡದಲ್ಲಿ ಕೂರಿಸಿಕೊಂಡು ಒಳಕೋಣೆಯ ಬಾಗಿಲಿಗೆ ಎದುರಾಗಿ ಮೊದಲ ಸಾಲಿನಲ್ಲೇ ಇದ್ದರು. ಕೈಯಲ್ಲಿ ಮೊಬೈಲು ಇತ್ತು.

ಐತಾಳರ ನಾಯಿಯ ಹೆಸರು ಅಂಬಡೆ. ಹೋಟೆಲಿನ ಹಿಂದೆ ಗ್ಯಾಸ್ ಸಿಲಿಂಡರುಗಳ ಸಂದಿಯಲ್ಲಿ ಮಗಳು ಪ್ರತೀಕ್ಷಾಳಿಗೆ ಸಿಕ್ಕಿದ ಬೀದಿಮರಿ. ಮೈಬಣ್ಣ ಥೇಟು ಎಣ್ಣೆಯಲ್ಲಿ ಕರಿದ ಚಟ್ಟಂಬಡೆ ವಡೆಯದು. ತಪಾಸಣೆಯ ಮೇಜಿನ ಮೇಲೆ ಅದರ ಹಲ್ಲು, ಕಿವಿ, ಒಸಡುಗಳನ್ನೆಲ್ಲ ನೋಡಿದ ಡಾಕ್ಟರ್ ಬಿಜಲ್‌ಬೆನ್, "ಏನು ತಿನ್ನಿಸ್ತೀರಿ?" ಎಂದು ಕೇಳಿದರು.

ತೂಕದ ಅವಮಾನದಿಂದ ಇನ್ನೂ ಚೇತರಿಸಿಕೊಳ್ಳದಿದ್ದ ಐತಾಳರಿಗೆ ಈ ಪ್ರಶ್ನೆ ದೇವರು ಕೊಟ್ಟ ಅವಕಾಶದಂತೆ ಕಂಡಿತು. ಎದೆ ಮುಂದೆ ಮಾಡಿ, ಹೊರಗೆ ಕುಳಿತವರಿಗೂ ಕೇಳುವಂತೆ, "ನಮ್ಮ ಹೋಟೆಲಿನ ಸಾಂಬಾರು, ಅನ್ನ. ಜನ ಸಾಲು ನಿಂತು ತಿನ್ನುವ ಸಾಂಬಾರು ಡಾಕ್ಟ್ರೇ" ಎಂದರು.

"ಅದರಲ್ಲಿ ಈರುಳ್ಳಿ ಇರ್ತದಾ?"

"ಇರದೆ? ಕೈಬಿಚ್ಚಿ ಹಾಕ್ತೇವೆ."

ಬಿಜಲ್‌ಬೆನ್ ಕನ್ನಡಕ ತೆಗೆದು, ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತದೆಂದು ವಿವರಿಸಿದರು. ಬೆರಳನ್ನು ಐತಾಳರ ಮೂಗಿನ ನೇರಕ್ಕೆ ಎತ್ತಿ, "ನಿಮ್ಮ ಸಾಂಬಾರು ವಿಷ. ಇನ್ನು ಮೇಲೆ ಒಂದು ತೊಟ್ಟೂ ಕೊಡಕೂಡದು. ಅರ್ಥವಾಯಿತಾ?" ಎಂದರು.

"ಆಯಿತು" ಎಂದರು ಐತಾಳರು, ತಲೆ ತಗ್ಗಿಸಿ.

ಇದಿಷ್ಟೂ ಹಸ್ಮುಖ್‌ಭಾಯಿಯ ಮೊಬೈಲಿನಲ್ಲಿ ಸೇರಿಕೊಂಡಿತು. ಇದಿಷ್ಟೂ ಎಂದರೆ ಪೂರ್ತಿಯಲ್ಲ. "ನಿಮ್ಮ ಸಾಂಬಾರು ವಿಷ" ಎಂಬಲ್ಲಿಂದ ಶುರು, "ಆಯಿತು" ಎಂಬಲ್ಲಿಗೆ ಮುಗಿಯಿತು. ಚಿತ್ರದಲ್ಲಿ ಡಾಕ್ಟರರ ಬಿಳಿ ಕೋಟು ಇತ್ತು, ಬೆರಳಿತ್ತು, ತಪ್ಪೊಪ್ಪಿಕೊಂಡು ನಿಂತ ಐತಾಳರ ಮುಖವಿತ್ತು. ನಾಯಿ ಮಾತ್ರ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬಂತು. ಸಂಜೆಗೆ ಪಕ್ಕದ ಸೊಸೈಟಿಗಳಿಗೂ ಹೋಯಿತು. ಮರುದಿನ ಸೂರತ್‌ನಲ್ಲಿ ಹೋಟೆಲಿಟ್ಟಿರುವ ದೊಡ್ಡಪ್ಪನ ಮಗ ಅಜಯ್ ಫೋನ್ ಮಾಡಿ, ದನಿ ತಗ್ಗಿಸಿ, "ಜನಾರ್ದನಣ್ಣ, ಎಷ್ಟು ಜನ ಆಸ್ಪತ್ರೆಗೆ ಸೇರಿದ್ರು?" ಎಂದು ಕೇಳಿದ.

ಅವತ್ತಿನಿಂದ 'ನರಸಿಂಹ ಉಡುಪಿ ಭವನ'ದಲ್ಲಿ ನೆಮ್ಮದಿಯಾಗಿ ಒಂದು ಇಡ್ಲಿ ಬಡಿಸುವಂತಿರಲಿಲ್ಲ. ವರ್ಷಗಳಿಂದ ಭಾನುವಾರಕ್ಕೆ ಬರುತ್ತಿದ್ದ ಸಂಸಾರವೊಂದು ಸಾಂಬಾರಿನ ಬಟ್ಟಲನ್ನು ಮೇಜಿನ ಅಂಚಿಗೆ ಸರಿಸಿ ಚಟ್ನಿಯಲ್ಲೇ ತಿಂದು ಎದ್ದುಹೋಯಿತು. ಕಾಲೇಜು ಹುಡುಗರು, "ಅಂಕಲ್, ಇದು ಮನುಷ್ಯರಿಗಾ, ಇಲಿಗಳಿಗಾ?" ಎಂದು ಕೇಳಿ ಬಿದ್ದು ಬಿದ್ದು ನಕ್ಕರು. ಐತಾಳರು ತೂಕದ ವಿಷಯವನ್ನಾದರೂ ಮರೆಯುತ್ತಿದ್ದರೇನೋ. ಕನ್ನಡಿ ನೋಡುವಾಗ ಅಷ್ಟಿಷ್ಟು ಮರೆತೂ ಇದ್ದರು. ಆದರೆ ಸಾಂಬಾರು! ಹದಿಹರೆಯದಲ್ಲಿ ಸಾಲಿಗ್ರಾಮದಿಂದ ಸೂರತ್‌ಗೆ ಬಂದು ದೊಡ್ಡಪ್ಪನ ಹೋಟೆಲಿನಲ್ಲಿ ಲೋಟ ತೊಳೆಯುವಾಗಿನಿಂದ ಕಾಪಾಡಿಕೊಂಡು ಬಂದ ಸಾಂಬಾರು ಅದು. ಬೆಲ್ಲ ಸುರಿಯಿರಿ, ಇನ್ನೂ ಸುರಿಯಿರಿ ಎಂದು ಇಡೀ ಗುಜರಾತು ಒತ್ತಾಯಿಸಿದರೂ ಅರ್ಧ ಮಾತ್ರ ಮಣಿದು, ಉಳಿದರ್ಧಕ್ಕೆ ಬಗ್ಗದೆ ನಿಂತಿದ್ದ ಸಾಂಬಾರು.

ಅವರು ನೇರವಾಗಿ ಹಸ್ಮುಖ್‌ಭಾಯಿಯ ಫ್ಲ್ಯಾಟಿಗೆ ಹೋದರು.

"ಅದನ್ನು ತೆಗೀರಿ. ಮತ್ತೆ, ನಾಯಿಗೆ ಹೇಳಿದ ಮಾತು ಅದು ಅಂತ ಅದೇ ಗುಂಪಿನಲ್ಲಿ ಬರೀರಿ."

ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಹಸ್ಮುಖ್‌ಭಾಯಿ ಉಯ್ಯಾಲೆಯ ಮೇಲೆ ಕುಳಿತಿದ್ದರು. ಹೆಸರಿಗೆ ತಕ್ಕಂತೆ ನಕ್ಕರು. "ಅರೇ ಶೇಠ್, ಮಜಾಕು ಮಾರಾಯ್ರೇ, ಮಜಾಕು! ಪುಕ್ಕಟೆ ಪಬ್ಲಿಸಿಟಿ ಕೊಡಿಸಿದ್ದೇನೆ. ನೀವು ಥ್ಯಾಂಕ್ಸ್ ಹೇಳೋದು ಬಿಟ್ಟು ಸಿಟ್ಟು ಮಾಡ್ತೀರಲ್ಲ." ಐತಾಳರಿಂದಲೇ ಕಲಿತ 'ಮಾರಾಯ್ರೇ'ಯನ್ನು ಐತಾಳರ ಮೇಲೆಯೇ ಎಸೆದದ್ದು ಇನ್ನಷ್ಟು ಉರಿಯಿತು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹಸ್ಮುಖ್‌ಭಾಯಿ ನಾಯಿಯ ಬೆನ್ನು ತಟ್ಟಿ ಮುಂದುವರಿಸಿದರು: "ನಮ್ಮ ಬಾದಶಾಹನನ್ನು ನೋಡಿ. ಜೈನರ ಮನೆಯ ನಾಯಿ. ಹುಟ್ಟಿದಾಗಿನಿಂದ ಕಾಂದಾ, ಅದೇ ನಿಮ್ಮ ಈರುಳ್ಳಿ, ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ ಇಲ್ಲ. ಮೈ ನೋಡಿ, ಪೈಲ್ವಾನ. ಡಾಕ್ಟರ್ ಏನಂದ್ರು ಗೊತ್ತಲ್ಲ? ಇಡೀ ಸೊಸೈಟಿಗೇ ಮಾದರಿ ಅಂತ. ನಾಯಿ ಸಾಕೋದು ಅಂದ್ರೆ ಶಿಸ್ತು ಭಾಯ್, ಶಿಸ್ತು."

ಐತಾಳರು ಬಾದಶಾಹನನ್ನು ನೋಡಿದರು. ನಿಜಕ್ಕೂ ಪೈಲ್ವಾನನೇ. ಸಪೂರ ಸೊಂಟ, ಹೊಳೆಯುವ ಮೈ, ಹಸಿದ ಕಣ್ಣು. ಆ ಹಸಿದ ಕಣ್ಣಿನ ಮೇಲೆ ಅವರ ದೃಷ್ಟಿ ಸ್ವಲ್ಪ ಹೊತ್ತು ನಿಂತಿತು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು. ಮುಂದಿನ ಲಾಭಪಂಚಮಿ ಬರಲಿ ಎಂದುಕೊಂಡರು. ಅದೇ ಕ್ಲಿನಿಕ್ಕು, ಅದೇ ತೂಕದ ಯಂತ್ರ, ಅದೇ ರಮಣಭಾಯಿಯ ಗಂಟಲು. ಆವಾಗ ಮೊಬೈಲು ನನ್ನ ಕೈಯಲ್ಲಿರುತ್ತದೆ.

ಇಲ್ಲಿ ಐತಾಳರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ನಿಮ್ಮಂಥವರು ಸಿಟ್ಟು ಮಾಡಿಕೊಳ್ಳುತ್ತೇವೆ, ರಾತ್ರಿ ಊಟವಾದ ಮೇಲೆ ಅರ್ಧ ಇಳಿಯುತ್ತದೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಯಾರ ಮೇಲೆ ಸಿಟ್ಟು ಬಂದದ್ದೆಂದು ನೆನಪಿರುವುದಿಲ್ಲ. ಐತಾಳರದ್ದು ಹಾಗಲ್ಲ. ಅವರು ಹಗೆಯನ್ನು ಉಪ್ಪಿನಕಾಯಿಯ ಹಾಗೆ ನೋಡಿಕೊಳ್ಳುವವರು: ನೀರು ತಾಗಿಸುವುದಿಲ್ಲ, ಬಾಯಿ ಬಿಗಿಯಾಗಿ ಕಟ್ಟುತ್ತಾರೆ, ಹದಕ್ಕೆ ಬರುವವರೆಗೆ ಕಾಯುತ್ತಾರೆ. ವಡೋದರಾದ ಫತೇಗಂಜ್‌ನಲ್ಲಿ ಅವರು ಸಣ್ಣ ಕ್ಯಾಂಟೀನು ನಡೆಸುತ್ತಿದ್ದ ಕಾಲದಲ್ಲಿ ಹಾಸ್ಟೆಲಿನ ಹುಡುಗನೊಬ್ಬ, "ಈ ಚಟ್ನಿಯಲ್ಲಿ ಈಜಬಹುದು" ಎಂದಿದ್ದ. ಆತ ಡಿಗ್ರಿ ಮುಗಿಸುವವರೆಗೂ ಅವನಿಗೆ ಪಾತ್ರೆಯ ಮೇಲಿನ ತಿಳಿ ಮಾತ್ರ ಬಡಿಸಿದರು. ಎಷ್ಟೋ ವರ್ಷಗಳ ನಂತರ ಅವನು ದೊಡ್ಡ ಅಧಿಕಾರಿಯಾಗಿ, ಹೆಂಡತಿಯನ್ನು ಕರೆದುಕೊಂಡು ಸ್ಯಾಟಲೈಟ್‌ನ ಹೋಟೆಲಿಗೆ ಬಂದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಆದರೂ ಐತಾಳರು ಗುರುತು ಹಿಡಿದರು. ತಾವೇ ಎದ್ದು ಬಂದು ಬಡಿಸಿದರು. ಹೆಂಡತಿಗೆ ಗಟ್ಟಿ ಚಟ್ನಿ, ಗಂಡನಿಗೆ ತಿಳಿ. ಅಧಿಕಾರಿ ಎರಡು ಬಟ್ಟಲನ್ನೂ ನೋಡಿದ, ಐತಾಳರ ಮುಖವನ್ನು ನೋಡಿದ, ಏನೋ ನೆನಪಾದವನಂತೆ ತಲೆ ತಗ್ಗಿಸಿ ತಿಂದ. ಆ ರಾತ್ರಿ ಐತಾಳರಿಗೆ ಬಂದಂಥ ನಿದ್ದೆ ಮಕ್ಕಳಿಗೆ ಬಂದರೆ ತಾಯಂದಿರು ಹರಕೆ ತೀರಿಸುತ್ತಾರೆ.

ಬಾದಶಾಹನ ವಿಷಯದಲ್ಲಿ ಅದೃಷ್ಟವೂ ಅವರ ಕಡೆಗೇ ಇತ್ತು. ಹಸ್ಮುಖ್‌ಭಾಯಿ ದಿನಾ ಬೆಳಿಗ್ಗೆ ನಾಯಿಯನ್ನು ವಾಕಿಂಗಿಗೆ ಕರೆದುಕೊಂಡು ಬರುವವರು. ಆದರೆ ವಾಕಿಂಗ್ ಎಂಬುದು ಉಡುಪಿ ಭವನದ ಹಿಂದಿನ ರಸ್ತೆಯ ಚಹಾದ ಕಿಟಲಿ ಎಂದು ಕರೆಯುವ ಗೂಡಂಗಡಿಯ ಹತ್ತಿರ ನಿಂತುಬಿಡುತ್ತಿತ್ತು. ಅಲ್ಲಿ ನಾಲ್ಕಾರು ನಿವೃತ್ತರು ಸೇರಿ ಶೇರು ಮಾರುಕಟ್ಟೆಯ ವಿಚಾರ ಎತ್ತಿಕೊಂಡರೆ ಪಕ್ಕದಲ್ಲಿ ಭೂಮಿ ಬಿರಿದರೂ ಗೊತ್ತಾಗುವಂತಿರಲಿಲ್ಲ. ಅಷ್ಟು ಹೊತ್ತು ಬಾದಶಾಹನನ್ನು ಕಟ್ಟುತ್ತಿದ್ದದ್ದು ರಸ್ತೆಯ ತಿರುವಿನಾಚೆಯ ಬೇವಿನ ಮರಕ್ಕೆ. ಬೇವಿನ ಮರ ಇದ್ದದ್ದು ಐತಾಳರ ಅಡುಗೆಮನೆಯ ಹಿಂಬಾಗಿಲಿಗೆ ಎದುರಾಗಿ.

ಮೊದಲ ದಿನ ಐತಾಳರು ಮಸಾಲೆ ದೋಸೆಯ ಪಲ್ಯದ ಸೌಟಿಗೇ ಕೈ ಹಾಕಿದ್ದರು. ಕೈ ಅರ್ಧದಲ್ಲೇ ನಿಂತಿತು. ಪಲ್ಯದಲ್ಲಿ ಈರುಳ್ಳಿ ಇತ್ತು. ನಾಯಿಗೆ ವಿಷ ಎಂದು ಡಾಕ್ಟರು ಹೇಳಿದ್ದು ಒಂದು. ಇನ್ನೊಂದು, ಬಾದಶಾಹ ಜೈನರ ಮನೆಯವನು. ಹಗೆ ಇರುವುದು ಹಸ್ಮುಖ್‌ಭಾಯಿಯ ಮೇಲೆ. ಈವರೆಗೆ ಕಾಂದಾ ಮುಟ್ಟದ ಜೀವಿಯ ನೇಮ ಕೆಡಿಸಿದ ಪಾಪ ತನಗೆ ಯಾಕೆ? ಗುಜರಾತಿನಲ್ಲಿ ಹೋಟೆಲಿಟ್ಟವರಿಗೆ ಈ ಒಂದು ಎಚ್ಚರ ರಕ್ತದಲ್ಲೇ ಬಂದುಬಿಟ್ಟಿರುತ್ತದೆ. ಸಾಂಬಾರು ಎರಡು ಬಗೆ, ಮಸಾಲೆ ದೋಸೆ ಎರಡು ಬಗೆ. ಜೈನ ಗಿರಾಕಿಗೆ ಬಟಾಟೆಯ ಬದಲು ಬಾಳೆಕಾಯಿಯ ಪಲ್ಯ, ಪಾತ್ರೆಯೂ ಬೇರೆ. ಅಪ್ಪಿತಪ್ಪಿ ಅದಲುಬದಲಾದರೆ ಅದರಷ್ಟು ದೊಡ್ಡ ಅಪರಾಧ ಬೇರೆ ಇಲ್ಲ. ಐತಾಳರು ಸೌಟು ಕೆಳಗಿಟ್ಟು, ಒಳಗೆ ತಿರುಗಿ, ಅಡುಗೆಭಟ್ಟರಿಗೆ ಅಭ್ಯಾಸಬಲದಿಂದ ಕೂಗಿದರು: "ಪುಟ್ಟ ಇಡ್ಲಿ ಒಂದು ಪ್ಲೇಟು, ತುಪ್ಪ ಜಾಸ್ತಿ. ಜೈನ್!"

ತುಪ್ಪದಲ್ಲಿ ಮುಳುಗಿ ಎದ್ದ ಇಡ್ಲಿಗಳನ್ನು ಬಾದಶಾಹ ಅಗಿಯಲೂ ಇಲ್ಲ. ನುಂಗಿ, ಮುಖವೆತ್ತಿ, ಮುಂಗಾಲೊಂದನ್ನು ಗಾಳಿಯಲ್ಲಿ ಹಿಡಿದು ಕುಳಿತ. ಬೆಳಗಿನ ಖಿಚಡಿ, ರಾತ್ರಿಯ ಒಣ ರೋಟಿ ಬಿಟ್ಟು ಬೇರೇನೂ ಕಾಣದ ಬಡಪಾಯಿ. ಐತಾಳರು ಇನ್ನೊಂದು ಪ್ಲೇಟು ತರಿಸಿದರು. ಸೇಡು ತೀರಿಸಿಕೊಳ್ಳುವುದು ಇಷ್ಟು ಸುಖದ ಕೆಲಸವೆಂದು ಅವರಿಗೆ ಈ ಮೊದಲು ಗೊತ್ತಿರಲಿಲ್ಲ.

ಹೀಗೆ ಚಳಿಗಾಲ ಕಳೆಯಿತು, ಗಾಳಿಪಟದ ಹಬ್ಬ ಕಳೆಯಿತು, ಬೇಸಿಗೆ ಬಂತು. ಇಡ್ಲಿಯ ಜೊತೆಗೆ ಶೀರಾ ಸೇರಿತು, ಹಬ್ಬಹರಿದಿನಗಳಲ್ಲಿ ಹೋಳಿಗೆ. ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಹೆಂಡತಿ ಸಾವಿತ್ರಿ ಒಂದು ದಿನ ಕೇಳಿಯೇಬಿಟ್ಟರು.

"ಹ್ವಾಯ್, ದಿನಾ ಬೆಳಿಗ್ಗೆ ಹಿಂದಿನ ಬಾಗಿಲಿಗೆ ಬಪ್ಪು ಜೈನ ಗಿರಾಕಿ ಯಾರು?"

"ಒಬ್ಬ ಇದ್ದ. ನಿಂಗೆಂತಕ್ಕೆ?"

"ಬಿಲ್ಲು ಕಾಣ್ಲಿಲ್ಲ, ಅದ್ಕೆ ಕೇಂಡದ್ದು." ಸಾವಿತ್ರಿ ಎದ್ದು ಹೋಗಿ ಹಿಂಬಾಗಿಲಿನಿಂದ ಇಣುಕಿದರು. ಬೇವಿನ ಮರದಡಿ ಕಾಲೆತ್ತಿ ಕುಳಿತ ಬಾದಶಾಹನನ್ನು ಕಂಡು, ತಿರುಗಿ ಗಂಡನನ್ನು ನೋಡಿ, ಎಲ್ಲವನ್ನೂ ಅರ್ಥ ಮಾಡಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥದ್ದಕ್ಕೆಲ್ಲ ವಿವರಣೆ ಬೇಕಾಗುವುದಿಲ್ಲ. "ನಿಮ್ಗೆ ಮಂಡೆ ಸಮ ಇತ್ತಾ? ಆ ಬಾಯಿ ಬಾರದ ಪ್ರಾಣಿ ನಿಮ್ಗೆಂತ ಮಾಡಿತ್ತು?"

"ನಾನಾದ್ರೂ ಅದ್ಕೆಂತ ಮಾಡಿದೆ? ತುಪ್ಪ ಹಾಕಿದೆ. ಜನ ನಾಯಿಗೆ ಕಲ್ಲು ಹೊಡಿತ್ರು."

"ನಂಗೆ ಮದ್ವೆ ಆಯಿ ಇಷ್ಟು ವರ್ಷ ಆಯ್ತು. ಒಂದು ದಿನ ಕೇಳಿದ್ರಾ, ತುಪ್ಪ ಬೇಕಾ ಅಂದೇಳಿ?"

ನಿನ್ನ ಮೇಲೆ ನನಗೆ ಹಗೆ ಇಲ್ಲವಲ್ಲ ಎಂಬ ಮಾತು ಐತಾಳರ ಬಾಯಿಗೆ ಬಂದಿತ್ತು. ಅದು ಹೊಗಳಿಕೆಯಾಗುತ್ತದೋ ಬೈಗುಳವಾಗುತ್ತದೋ ತಿಳಿಯದೆ ನುಂಗಿಕೊಂಡರು.

ಇತ್ತ ಮನೆಯಲ್ಲಿ ಅಂಬಡೆಗೆ ಕಠಿಣ ಪಥ್ಯ. ಬೇಯಿಸಿದ ಅನ್ನ, ಮೊಸರು, ಕುಂಬಳಕಾಯಿ. ಈರುಳ್ಳಿಯ ವಾಸನೆಯೂ ತಾಗದಂತೆ ಸಾವಿತ್ರಿ ನೋಡಿಕೊಂಡರು. ಜೊತೆಗೆ ತರಬೇತಿ. ತರಕಾರಿ ಮೂಟೆ ತೂಗುವ ಹೋಟೆಲಿನ ಯಂತ್ರದ ಮೇಲೆ ಐತಾಳರು ದಿನಾ ಮಧ್ಯಾಹ್ನ ಅಂಬಡೆಯನ್ನು ಹತ್ತಿಸಿ ನಿಲ್ಲಿಸುತ್ತಿದ್ದರು. ಮೊದಲು ಓಡಿಹೋಗುತ್ತಿದ್ದ ನಾಯಿ ಬರಬರುತ್ತಾ, "ಅಂಬಡೆ, ತೂಕ!" ಎಂದರೆ ತಾನೇ ಬಂದು ಕಾಲು ಜೋಡಿಸಿ ಪೆರೇಡಿನ ಪೊಲೀಸನ ಹಾಗೆ ನಿಲ್ಲತೊಡಗಿತು. ಇನ್ನೊಮ್ಮೆ ರಮಣಭಾಯಿಯ ಬಾಯಿಗೆ ಬೀಳುವ ಉದ್ದೇಶ ಐತಾಳರಿಗಿರಲಿಲ್ಲ.

ಮಳೆಗಾಲದ ಕೊನೆಗೆ ಬಾದಶಾಹ ಬಾದಶಾಹನಾಗಿ ಉಳಿದಿರಲಿಲ್ಲ. "ಪಪ್ಪಾ, ಬಾದಶಾಹ್ ಪೂರಾ ಸೋಫಾ ಆಗಿದ್ದಾನೆ ಯಾರ್" ಎಂದಳು ಪ್ರತೀಕ್ಷಾ. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡಕ್ಕೆ ಇಂಥ ಉಪಮೆಗಳು ಸಹಜವಾಗಿ ಬರುತ್ತಿದ್ದವು. ಹಸ್ಮುಖ್‌ಭಾಯಿಯ ಮನೆಯಲ್ಲಿ ಇದೇ ವಿಷಯಕ್ಕೆ ಜಗಳವೆಂದೂ ಅವಳೇ ಸುದ್ದಿ ತಂದಳು. ಹೆಂಡತಿ ಕೋಕಿಲಾಬೆನ್ ಕದ್ದು ತಿನ್ನಿಸುತ್ತಾಳೆಂದು ಗಂಡನಿಗೆ ಗುಮಾನಿ, ಗಂಡನೇ ತಿನ್ನಿಸುತ್ತಾನೆಂದು ಹೆಂಡತಿಗೆ ಗುಮಾನಿ. ತುಪ್ಪದ ಡಬ್ಬಿಗೆ ಬೀಗ ಬಿದ್ದಿದೆಯಂತೆ. ಇಬ್ಬರೂ ಖಿಚಡಿಯನ್ನು ಅರ್ಧಕ್ಕರ್ಧ ಕಡಿಮೆ ಮಾಡಿದ್ದಾರಂತೆ. ಐತಾಳರು ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೇಳಿದರು. ಪೇಪರು ಅಲುಗುತ್ತಿತ್ತು.

ಅದೇ ಹೊತ್ತಿಗೆ ಜೈನರ ಪರ್ಯೂಷಣ ಬಂತು. ಉಪವಾಸದ ಆ ದಿನಗಳಲ್ಲಿ ಅವರು ಹಸಿರು ತರಕಾರಿಯನ್ನೂ ಮುಟ್ಟುವುದಿಲ್ಲ. ಐತಾಳರು ಬಾದಶಾಹನ ಪ್ಲೇಟಿನಿಂದ ಕೊತ್ತಂಬರಿ ಸೊಪ್ಪನ್ನು ಆರಿಸಿ ತೆಗೆದರು. ಹಬ್ಬದ ಕೊನೆಯ ದಿನ ಎಲ್ಲರೂ ಎಲ್ಲರ ಬಳಿ ಕ್ಷಮೆ ಕೇಳುವ ಪದ್ಧತಿ. ಸೊಸೈಟಿಯ ಗುಂಪಿನಲ್ಲಿ ಹಸ್ಮುಖ್‌ಭಾಯಿಯ 'ಮಿಚ್ಛಾಮಿ ದುಕ್ಕಡಂ' ಬಂದು ಬಿತ್ತು. ಕೈಮುಗಿದ ಚಿತ್ರ, ಕೆಳಗೆ ತಾವರೆ. ಐತಾಳರು ಅದನ್ನು ಓದಿ, ಇದು ಸಗಟು ವ್ಯಾಪಾರ, ಲೆಕ್ಕಕ್ಕಿಲ್ಲ ಎಂದು ಪಕ್ಕಕ್ಕಿಟ್ಟರು. ಆದರೆ ಸಂಜೆ ಲಿಫ್ಟಿನಲ್ಲಿ ಹಸ್ಮುಖ್‌ಭಾಯಿಯೇ ಎದುರಾದರು. ಉಪವಾಸದಿಂದ ಕೆನ್ನೆ ಒಳಗೆ ಹೋಗಿತ್ತು. ಕೈ ಮುಗಿದು, "ಶೇಠ್, ತಿಳಿದೋ ತಿಳಿಯದೆಯೋ ಮನಸ್ಸು ನೋಯಿಸಿದ್ದರೆ ಮಿಚ್ಛಾಮಿ ದುಕ್ಕಡಂ" ಎಂದರು.

ಐತಾಳರ ಮನಸ್ಸು ಒಂದು ಮಹಡಿಯಷ್ಟು ಕೆಳಗಿಳಿಯಿತು. ಬೆಳಿಗ್ಗೆಯಷ್ಟೇ ಬಾದಶಾಹ ಮರದಡಿ ಏಳುವಾಗ ಏದುಸಿರು ಬಿಟ್ಟದ್ದು ನೆನಪಾಯಿತು. ಒಂದು ಮಾತು ಹೇಳಿದರೆ ಇಲ್ಲಿಗೇ ಬಿಟ್ಟುಬಿಡಬಹುದು ಎನ್ನಿಸಿತು.

"ಸಾಂಬಾರಿನ ವಿಷಯಕ್ಕಾ?" ಎಂದು ಕೇಳಿದರು.

"ಯಾವ ಸಾಂಬಾರು?"

"ಆ ವಿಡಿಯೋ."

"ಓಹೋ, ಅದಾ!" ಹಸ್ಮುಖ್‌ಭಾಯಿಗೆ ಉಪವಾಸದಲ್ಲೂ ನಗು ತಡೆಯಲಾಗಲಿಲ್ಲ. "ಭಾರಿ ಇತ್ತು ಅಲ್ವಾ? ಮುಂಬೈಯಿಂದ ನಮ್ಮ ಬೀಗರು ಇನ್ನೂ ಕಳಿಸ್ತಾನೇ ಇದ್ದಾರೆ. ಹಾಂ ಹಾಂ, ಅದೂ ಸೇರಿತು, ಎಲ್ಲಾ ಸೇರಿತು."

ಲಿಫ್ಟಿನ ಬಾಗಿಲು ತೆರೆಯಿತು. ಐತಾಳರು ಕೈ ಮುಗಿದು ಹೊರಬಂದರು. ಮರುದಿನದಿಂದ ತುಪ್ಪವನ್ನು ಕಡಿಮೆ ಮಾಡಿದರು, ನಿಜ. ಪ್ರಾಣಿಗೆ ತೊಂದರೆಯಾಗುವುದು ಅವರಿಗೆ ಬೇಕಿರಲಿಲ್ಲ, ಬೇಕಿದ್ದದ್ದು ಅಂಕಿ. ಆದರೆ ಇಡ್ಲಿ ನಿಲ್ಲಿಸಲಿಲ್ಲ.

ದೀಪಾವಳಿ ಕಳೆಯಿತು. ಲಾಭಪಂಚಮಿ ಕಳೆದ ಭಾನುವಾರ ಐತಾಳರು ಮದುವೆಗೆ ಹೊರಟವರಂತೆ ಇಸ್ತ್ರಿ ಅಂಗಿ ತೊಟ್ಟು, ಮೊಬೈಲನ್ನು ಪೂರ್ತಿ ಚಾರ್ಜು ಮಾಡಿಸಿ, ಅಂಬಡೆಯನ್ನೂ ಸಾವಿತ್ರಿಯನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಎಲ್ಲಿ ಕುಳಿತರೆ ಬೆಳಕು ಸರಿಯಾಗಿ ಬೀಳುತ್ತದೆಂದು ಕುರ್ಚಿ ಬದಲಿಸಿ ನೋಡಿದರು. ಹೋದ ವರ್ಷ ನೋಡಿ ನಕ್ಕಿದ್ದ ಜನವೆಲ್ಲ ಇದ್ದರು. ಗಿಳಿಯ ಪಂಜರದವರು, ಎರಡು ಬೆಕ್ಕಿನವರು, ಮೂರನೇ ಮಹಡಿಯ ಪೊಮೆರೇನಿಯನ್ನಿನವರು. ಎಲ್ಲರೂ ಇರಬೇಕಾದದ್ದೂ ಹೌದು.

ಅಂಬಡೆಯ ಸರದಿ ಬಂತು. "ತೂಕ!" ಎಂದರು ಐತಾಳರು. ನಾಯಿ ಹತ್ತಿ, ಕಾಲು ಜೋಡಿಸಿ, ಎದುರಿನ ಗೋಡೆ ನೋಡುತ್ತಾ ನಿಂತಿತು. ರಮಣಭಾಯಿಗೆ ಕೂಗಲು ಏನೂ ಸಿಗಲಿಲ್ಲ. ಬಿಜಲ್‌ಬೆನ್ ಒಸಡು ನೋಡಿ, ರಕ್ತ ಚೆನ್ನಾಗಿದೆ, ಮೈ ಚೆನ್ನಾಗಿದೆ, ಹೀಗೇ ನೋಡಿಕೊಳ್ಳಿ ಎಂದರು. ಸಾವಿತ್ರಿಯ ಮುಖ ಅರಳಿತು. ಐತಾಳರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ಕಣ್ಣು ಬಾಗಿಲ ಮೇಲಿತ್ತು.

ಬಾದಶಾಹ ಬಂದ. ಬಂದ ಎನ್ನುವುದಕ್ಕಿಂತ ಅವನನ್ನು ತರಲಾಯಿತು ಎನ್ನಬೇಕು. ಮುಂದಿನಿಂದ ಹಸ್ಮುಖ್‌ಭಾಯಿ ಎಳೆದರು, ಹಿಂದಿನಿಂದ ಕೋಕಿಲಾಬೆನ್ ತಳ್ಳಿದರು. ತೂಕದ ಯಂತ್ರದ ಮೇಲೆ ಹತ್ತಿಸಲು ರಮಣಭಾಯಿ ಮಾತ್ರವಲ್ಲ, ಪೊಮೆರೇನಿಯನ್ನಿನವರೂ ಕೈ ಹಚ್ಚಬೇಕಾಯಿತು. ಅಂಕಿ ನಿಂತಿತು. ರಮಣಭಾಯಿ ನೋಡಿದ, ಕಣ್ಣುಜ್ಜಿಕೊಂಡ, ಮತ್ತೆ ನೋಡಿದ. ಆಮೇಲೆ ಉಸಿರೆಳೆದು ಕೂಗಿದ. ಗಿಳಿ ಬೆಚ್ಚಿತು.

ಐತಾಳರು ಮೊಬೈಲು ಎತ್ತಿದರು.

"ಇದು ಹೇಗಾಯಿತು ಹಸ್ಮುಖ್‌ಭಾಯಿ?" ಬಿಜಲ್‌ಬೆನ್ ಹೊರಗೇ ಬಂದರು. "ಕೀಲುಗಳಿಗೆ ಎಷ್ಟು ಭಾರ ಗೊತ್ತಾ? ಇನ್ನೊಂದು ವರ್ಷ ಹೀಗೇ ಬಿಟ್ಟಿದ್ದರೆ ನಡೀತಾನೇ ಇರಲಿಲ್ಲ. ಏನು ತಿನ್ನಿಸ್ತಿದ್ದೀರಿ?"

"ಖಿಚಡಿ ಡಾಕ್ಟರ್. ಒಣ ರೋಟಿ. ಅದೂ ಅರ್ಧ."

"ಎಲ್ಲರೂ ಹೀಗೇ ಹೇಳೋದು."

"ದೇವರಾಣೆ ಡಾಕ್ಟರ್!"

"ಖಿಚಡಿ ತಿಂದು ಹೀಗಾಗಲ್ಲ. ಪ್ರಾಣಿಯ ವಿಷಯದಲ್ಲಿ ಸುಳ್ಳು ಹೇಳಬೇಡಿ. ಹೋದ ವರ್ಷ ನಿಮ್ಮನ್ನೇ ಮಾದರಿ ಅಂದಿದ್ದೆ ನಾನು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಕೋಕಿಲಾಬೆನ್ ಗಂಡನ ಕಡೆ ತಿರುಗಿ, "ನಾನು ಹೇಳಲಿಲ್ವಾ? ನೀವೇ ಎಲ್ಲೋ ಕದ್ದು ತಿನ್ನಿಸ್ತೀರಿ" ಎಂದರು, ಎಲ್ಲರ ಎದುರಿಗೆ. ಹಸ್ಮುಖ್‌ಭಾಯಿಯ ಮುಖ ಸಣ್ಣದಾಯಿತು. ಅವರು ಹೇಳುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು, ಆದರೆ ಸಾವಿತ್ರಿಯನ್ನು ಬಿಟ್ಟರೆ ಕೋಣೆಯಲ್ಲಿ ಅದನ್ನು ನಂಬುವ ಒಬ್ಬನೇ ಮನುಷ್ಯ ಮೊಬೈಲು ಹಿಡಿದು ನಿಂತಿದ್ದ. ಐತಾಳರ ಎದೆಯಲ್ಲಿ ವರ್ಷದಿಂದ ಬಾಯಿ ಕಟ್ಟಿ ಇಟ್ಟಿದ್ದದ್ದು ಹದಕ್ಕೆ ಬಂದು ಘಮಘಮಿಸಿತು. 'ಸುಳ್ಳು ಹೇಳಬೇಡಿ' ಎಂಬಲ್ಲಿಂದ ಕತ್ತರಿಸಬೇಕು, ಕೋಕಿಲಾಬೆನ್ನರ ಮಾತಿಗೆ ಮುಗಿಸಬೇಕು ಎಂದು ಲೆಕ್ಕ ಹಾಕುತ್ತಾ, ಮುಖ ಇನ್ನೂ ಸ್ಪಷ್ಟವಾಗಿ ಬರಲೆಂದು ಎರಡು ಹೆಜ್ಜೆ ಮುಂದಕ್ಕೆ ಬಂದರು.

ಆ ಎರಡು ಹೆಜ್ಜೆ ಇಡಬಾರದಿತ್ತು. ಬಾದಶಾಹ ಮೂಗೆತ್ತಿದ. ಬೆಳಿಗ್ಗೆ ಉಪ್ಪಿಟ್ಟಿಗೆ ತುಪ್ಪ ಬಿಟ್ಟ ಕೈ ಅದು. ಯಾರೂ ನಿರೀಕ್ಷಿಸದ ಚುರುಕಿನಿಂದ ಅವನು ಯಂತ್ರದಿಂದ ಧುಮುಕಿದ, ಹಗ್ಗ ಹಿಡಿದ ಹಸ್ಮುಖ್‌ಭಾಯಿಯನ್ನು ನೆಲದ ಮೇಲೆ ಜಾರುಬಂಡಿಯಂತೆ ಎಳೆದುಕೊಂಡು ಬಂದ, ಐತಾಳರ ಎದುರು ಧೊಪ್ಪನೆ ಕುಳಿತ. ಮುಂಗಾಲೊಂದನ್ನು ಗಾಳಿಯಲ್ಲಿ ಎತ್ತಿ ಹಿಡಿದ. ನಾಲಗೆಯಿಂದ ಜೊಲ್ಲು ಇಸ್ತ್ರಿ ಪ್ಯಾಂಟಿನ ಮೇಲೆ ಇಳಿಯಿತು.

ಐತಾಳರು ಒಂದು ಹೆಜ್ಜೆ ಬಲಕ್ಕೆ ಸರಿದರು. ಬಾದಶಾಹನೂ ಬಲಕ್ಕೆ ತಿರುಗಿ ಮತ್ತೆ ಕಾಲೆತ್ತಿದ. ಎಡಕ್ಕೆ ಸರಿದರು. ಅವನೂ ಎ‌ಡಕ್ಕೆ. ಮೊಬೈಲು ಎಲ್ಲವನ್ನೂ ಹಿಡಿಯುತ್ತಲೇ ಇತ್ತು. ಸಾವಿತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಮೇಲಿನ ಹುಳದ ಔಷಧಿಯ ಜಾಹೀರಾತು ಓದತೊಡಗಿದರು.

ಹಸ್ಮುಖ್‌ಭಾಯಿ ನೆಲದ ಮೇಲಿಂದ ನಾಯಿಯನ್ನು ನೋಡಿದರು, ಎತ್ತಿದ ಕಾಲನ್ನು ನೋಡಿದರು, ಅದು ಯಾರ ಕಡೆಗೆ ಎತ್ತಿದೆಯೆಂದು ನೋಡಿದರು. ಚಹಾದ ಕಿಟಲಿ, ಬೇವಿನ ಮರ, ಹಿಂಬಾಗಿಲು, ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದದ್ದು ಎಲ್ಲರಿಗೂ ಕಾಣುವಂತಿತ್ತು. ಅವರು ಮೆಲ್ಲಗೆ ಎದ್ದು ನಿಂತರು. ಬೈಯುತ್ತಾರೆಂದು, ಕೈ ಎತ್ತಿದರೂ ಎತ್ತಬಹುದೆಂದು ರಮಣಭಾಯಿ ನಡುವೆ ಬಂದು ನಿಂತ. ಆದರೆ ಹಸ್ಮುಖ್‌ಭಾಯಿಯ ಕೆನ್ನೆ ಬಿಳುಪೇರಿತ್ತು. ತೂಕ, ಕೀಲು, ನಕ್ಕ ಜನ, ಹೆಂಡತಿಯ ಮಾತು ಯಾವುದೂ ಈಗ ಅವರ ಮನಸ್ಸಿನಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ಭಯವೊಂದು ಹಿಡಿದುಕೊಂಡಿತ್ತು.

"ಐತಾಳ್‌ಭಾಯಿ," ಎಂದರು. "ನಿಜ ಹೇಳಿ. ಇವನಿಗೆ... ಕಾಂದಾ ಹಾಕಿದ್ದೇನಾದರೂ ತಿನ್ನಿಸಿದಿರಾ?"

ಐತಾಳರು ಮೊಬೈಲನ್ನು ಜೇಬಿಗಿಳಿಸಿದರು. ಸೂರತ್, ವಡೋದರಾ, ಅಹಮದಾಬಾದು ಮೂರೂ ಊರುಗಳಲ್ಲಿ ಗಿರಾಕಿಗಳನ್ನು ಸಂಭಾಳಿಸಿದ ಮುಖ ಒಂದಿಷ್ಟೂ ಕದಲಲಿಲ್ಲ.

"ಎಂತ ಮಾತು ಹಸ್ಮುಖ್‌ಭಾಯಿ," ಎಂದರು. "ಅವನಿಗೆ ಪಾತ್ರೆಯೇ ಬೇರೆ ಇಟ್ಟಿದ್ದೇವೆ."